ಅಡಿಗಲ್ಲಿಲ್ಲದ ಸಂಸ್ಥೆ: ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಸಂತೆ–ಪೇಟೆಗಳು

ಸ್ಮರಣ ಸಂಚಿಕೆಯ ಬರಹಕ್ಕೆ ಒಂದು ವರಸೆಯಿದೆ. ಮೊದಲು ಅಡಿಗಲ್ಲು ಇಟ್ಟ ವರ್ಷ, ಇಟ್ಟವರ ಹೆಸರು. ಆಮೇಲೆ ಅಧ್ಯಕ್ಷರು, ಕಾರ್ಯದರ್ಶಿಗಳು ಬಂದುಹೋದ ಕ್ರಮ. ನಡುವೆ ಕಟ್ಟಡ ನಿಧಿಯ ಕಷ್ಟಸುಖ. ಕೊನೆಗೆ ಮುಂದಿನ ಸಾಲು ಕೂತು, ಹಿಂದಿನ ಸಾಲು ನಿಂತು ತೆಗೆಸಿಕೊಂಡ ಫೋಟೊ. ಶಾಲೆಯಾಗಲಿ, ಸಹಕಾರ ಬ್ಯಾಂಕಾಗಲಿ, ಭಜನಾ ಮಂಡಳಿಯಾಗಲಿ ಈ ಅಚ್ಚಿಗೆ ಚೆನ್ನಾಗಿ ಕೂರುತ್ತವೆ. ನಮ್ಮ ಸೀಮೆಯ ಸಂತೆಯನ್ನು ಇದೇ ಅಚ್ಚಿಗೆ ಹಾಕಲು ಹೊರಟರೆ ಮೊದಲ ಸಾಲಿನಲ್ಲೇ ತೊಡಕು. ಅದಕ್ಕೆ ಅಡಿಗಲ್ಲಿಲ್ಲ. ಸದಸ್ಯರ ಪುಸ್ತಕವಿಲ್ಲ. ಅಧ್ಯಕ್ಷರ ಫೋಟೊ ತೂಗುಹಾಕೋಣವೆಂದರೆ ಗೋಡೆಯೇ ಇಲ್ಲ.

ಹಾಗಿದ್ದೂ ದೇವಸ್ಥಾನ, ಕೆರೆಗಳನ್ನು ಬಿಟ್ಟರೆ ಇಲ್ಲಿ ಸಂತೆಯಷ್ಟು ಹಳೆಯ ಸಂಸ್ಥೆ ಇನ್ನೊಂದಿಲ್ಲ. ಕನ್ನಡವೇ ಅದಕ್ಕೆ ಬೇರೆ ಕ್ರಿಯಾಪದಗಳನ್ನು ಇಟ್ಟುಕೊಂಡಿದೆ. ಅಂಗಡಿ ತೆಗೆಯುತ್ತಾರೆ, ಮುಚ್ಚುತ್ತಾರೆ. ಸಂತೆ ಕೂಡುತ್ತದೆ, ಹರಿಯುತ್ತದೆ. ಬೆಳಿಗ್ಗೆ ಬಯಲಾಗಿದ್ದದ್ದು ಹತ್ತು ಗಂಟೆಗೆ ಊರಾಗಿರುತ್ತದೆ. ದೀಪ ಹಚ್ಚುವ ಹೊತ್ತಿಗೆ ಮತ್ತೆ ಬಯಲು. ಉಳಿಯುವುದು ಕೋಸಿನ ಹೊರ ಎಲೆ, ಈರುಳ್ಳಿ ಸಿಪ್ಪೆ, ಬಾಳೆನಾರು, ಅವನ್ನು ಮೇಯುವ ಎರಡು ದನ. ಪ್ರತಿ ವಾರ ಇಷ್ಟು ಪೂರ್ತಿಯಾಗಿ ಇಲ್ಲವಾಗಿ, ಮುಂದಿನ ವಾರ ಅಷ್ಟೇ ಪೂರ್ತಿಯಾಗಿ ಎದ್ದುಬರುವ ಇನ್ನೊಂದು ಸಂಸ್ಥೆಯನ್ನು ನಾನು ಕಂಡಿಲ್ಲ. ಅದನ್ನು ಹಿಡಿದು ನಿಲ್ಲಿಸಿರುವುದು ಏನು ಎಂಬುದನ್ನು ತುಮಕೂರು, ಗುಬ್ಬಿ, ಕುಣಿಗಲ್ಲುಗಳ ನೆಲದ ಮೇಲೆ ನಿಂತು ನೋಡುವ ಪ್ರಯತ್ನ ಈ ಲೇಖನ.

ವಾರ

ಸಂತೆಯ ಮೊದಲ ಆಸ್ತಿ ಒಂದು ದಿನ. ‘ವಾರ’ ಎಂಬ ಒಂದೇ ಮಾತಿನಲ್ಲಿ ನಾವು ಏಳು ದಿನವನ್ನೂ ಹೇಳುತ್ತೇವೆ, ಏಳರಲ್ಲಿ ಒಂದು ದಿನವನ್ನೂ ಹೇಳುತ್ತೇವೆ. ಹಳ್ಳಿಯ ಲೆಕ್ಕದಲ್ಲಿ ಇವೆರಡೂ ಕೂಡುವುದು ಸಂತೆಯ ದಿನ. ಅಕ್ಕಪಕ್ಕದ ಊರುಗಳ ಸಂತೆಗಳು ಸಾಮಾನ್ಯವಾಗಿ ಒಂದೇ ದಿನ ಬೀಳುವುದಿಲ್ಲ. ಬಳೆಗಾರ, ಪಾತ್ರೆಯವನು, ಒಣಮೀನಿನವಳು, ಕಡ್ಲೆಪುರಿ–ಬತ್ತಾಸಿನವನು ಇವತ್ತು ಒಂದೂರು, ನಾಳೆ ಇನ್ನೊಂದೂರು ಎಂದು ಸುತ್ತಿ ಎಂಟನೆಯ ದಿನ ಹೊರಟಲ್ಲಿಗೇ ಬರುತ್ತಾರೆ. ಜಿಲ್ಲೆಯ ದೊಡ್ಡ ಮಾರುಕಟ್ಟೆಗಳಿಗೂ ಇದೇ ಚಾಳಿ. ತಿಪಟೂರಿನಲ್ಲಿ ದಶಕಗಳ ಕಾಲ ಬುಧವಾರ, ಶನಿವಾರ ಎಂದರೆ ಕೊಬ್ಬರಿ ಹರಾಜಿನ ದಿನ. ತೆಂಗಿನ ತೋಟದ ಮನೆಗಳಲ್ಲಿ ಮದುವೆ ಮಾತುಕತೆಗೂ ಆ ದಿನಗಳನ್ನು ಬಿಟ್ಟೇ ದಿನ ಗೊತ್ತುಮಾಡುತ್ತಿದ್ದರು.

ಇದನ್ನೆಲ್ಲ ಯಾರು ಕೂಡಿಸಿದರು? ಕನ್ನಡ ಶಾಸನಗಳು ಈ ಪ್ರಶ್ನೆಗೆ ಅಲ್ಲಲ್ಲಿ ಉತ್ತರ ಕೊಡುತ್ತವೆ. ಸಂತೆ ಕಟ್ಟಿಸುವುದು ಕೆರೆ ಕಟ್ಟಿಸುವಂತೆಯೇ ಹೆಸರು ತರುವ ಕೆಲಸವಾಗಿತ್ತು. ವರ್ತಕರನ್ನು ಕರೆತಂದು, ಮೊದಲ ಕೆಲವು ವರ್ಷ ಸುಂಕ ಬಿಟ್ಟು, ಪೇಟೆಯನ್ನು ನೆಲೆಗೊಳಿಸಿದವನಿಗೆ ಪಟ್ಟಣಸ್ವಾಮಿ ಎಂಬ ಪದವಿ ಸಿಗುತ್ತಿತ್ತು, ಮಾನ್ಯದ ಭೂಮಿಯೂ ಸಿಗುತ್ತಿತ್ತು. ಸಂತೆಯ ಸುಂಕದ ಒಂದು ಪಾಲನ್ನು ದೇವರ ದೀಪಕ್ಕೋ ನೈವೇದ್ಯಕ್ಕೋ ಬರೆದುಕೊಟ್ಟ ಕಲ್ಲುಗಳೂ ಇವೆ. ಹೇರಿಗೆ ಇಷ್ಟು, ಎಲೆಯ ಹೊರೆಗೆ ಇಷ್ಟು, ಎಣ್ಣೆಯ ಗಾಣಕ್ಕೆ ಇಷ್ಟು ಎಂದು ಅವುಗಳಲ್ಲಿ ಬರುವ ಪಟ್ಟಿ ಓದಿದರೆ ಅಂದಿನ ಸಂತೆಯ ನೋಟವೇ ಕಣ್ಣಿಗೆ ಕಟ್ಟುತ್ತದೆ. ಇಂದು ಗ್ರಾಮ ಪಂಚಾಯಿತಿಯೋ ಪುರಸಭೆಯೋ ವರ್ಷಕ್ಕೊಮ್ಮೆ ಸಂತೆ ಸುಂಕದ ವಸೂಲಿಯನ್ನು ಹರಾಜು ಹಾಕುತ್ತದೆ. ಗುತ್ತಿಗೆ ಹಿಡಿದವನ ಹುಡುಗ ರಸೀದಿ ಪುಸ್ತಕ ಹಿಡಿದು ಸಾಲಿನಿಂದ ಸಾಲಿಗೆ ಬರುತ್ತಾನೆ. ರಾಜ್ಯಗಳು ಹೋದವು, ಕಂದಾಯದ ಹೆಸರುಗಳು ಬದಲಾದವು. ನೆಲದ ಮೇಲೆ ಕೂತವಳು ನೆಲಕ್ಕೆ ಕಾಸು ಕೊಡುವ ಪದ್ಧತಿ ಮಾತ್ರ ಹಾಗೇ ಉಳಿಯಿತು.

ವಾರಕ್ಕೊಂದು ಗಡುವಿನ ಗುಣವೂ ಇದೆ. ‘ಸಂತೆ ಹೊತ್ತಿಗೆ ಮೂರು ಮೊಳ ನೇಯ್ದಂತೆ’ ಎಂದು ಅವಸರದ ಕೆಲಸವನ್ನು ಹಂಗಿಸುತ್ತೇವೆ. ಗಾದೆ ನೇಕಾರನನ್ನು ನೋಡಿ ನಗುತ್ತದೆ ನಿಜ, ಆದರೆ ಹಳ್ಳಿಯ ಗಡಿಯಾರ ಯಾವುದಾಗಿತ್ತು ಎಂಬುದನ್ನೂ ಹೇಳಿಬಿಡುತ್ತದೆ. ‘ಸಂತೆ ದಿನ ಕೊಡ್ತೀನಿ’ ಎಂದರೆ ಸಾಲಕ್ಕೆ ಅದೇ ಪತ್ರ. ತವರಿನ ಸುದ್ದಿ, ಎತ್ತಿನ ಸುದ್ದಿ, ಗಂಡು–ಹೆಣ್ಣಿನ ಸುದ್ದಿ ಎಲ್ಲವೂ ಸೊಪ್ಪಿನ ಕಟ್ಟಿನ ಜೊತೆಗೇ ಊರಿಂದ ಊರಿಗೆ ಹೋಗುತ್ತಿದ್ದವು.

ಹೊನ್ನಾವರದ ಹಾದಿ

ತುಮಕೂರಿನ ಮುಖ್ಯ ರಸ್ತೆಗೆ ಬಿ.ಎಚ್. ರಸ್ತೆ ಎಂದು ಹೆಸರು. ದಿನಕ್ಕೆ ಹತ್ತು ಸಲ ಅದನ್ನು ದಾಟುವ ಹುಡುಗರಿಗೆ ಅಕ್ಷರಗಳ ಅರ್ಥ ಕೇಳಿ ನೋಡಿ. ಬಹಳ ಜನ ತಲೆ ಕೆರೆದುಕೊಳ್ಳುತ್ತಾರೆ. ಅದು ಬೆಂಗಳೂರು–ಹೊನ್ನಾವರ ರಸ್ತೆ. ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಶಿವಮೊಗ್ಗ, ಸಾಗರ ದಾಟಿ ಸಮುದ್ರ ಮುಟ್ಟುವ ಹಾದಿ. ಈ ಹಾದಿಯ ಅರ್ಥ ತಿಳಿದರೆ ಗುಬ್ಬಿಯ ಅರ್ಥ ಅರ್ಧ ತಿಳಿದಂತೆ.

ತುಮಕೂರಿನಿಂದ ಸುಮಾರು 20 ಕಿಲೋಮೀಟರ್ ದೂರದ ಗುಬ್ಬಿಯನ್ನು ಕಟ್ಟಿದವರು ಹೊಸಹಳ್ಳಿಯ ಗೌಡರ ಮನೆತನದವರು ಎಂದು ಹಳೆಯ ಗ್ಯಾಸೆಟಿಯರುಗಳು ಹೇಳುತ್ತವೆ. ಹದಿನಾರನೆಯ ಶತಮಾನದಲ್ಲೇ ‘ಭಾವಚಿಂತಾರತ್ನ’, ‘ವೀರಶೈವಾಮೃತ ಪುರಾಣ’ಗಳ ಕವಿ ಮಲ್ಲಣಾರ್ಯ ತನ್ನ ಹೆಸರಿನ ಹಿಂದೆ ಈ ಊರನ್ನು ಕಟ್ಟಿಕೊಂಡಿದ್ದ. ಕಾವ್ಯದ ಜೊತೆಗೆ ಅಡಿಕೆಯೂ ಗುಬ್ಬಿಗೆ ಹೆಸರು ತಂದಿತು. ಮಲೆನಾಡಿನ ನಗರ ಸೀಮೆಯ ಅಡಿಕೆ ಎತ್ತಿನ ಹೇರಿನ ಮೇಲೆ ಇಳಿದು ಬಂದು, ಗುಬ್ಬಿಯಲ್ಲಿ ಕೈ ಬದಲಾಯಿಸಿ, ತಮಿಳುನಾಡಿನ ವಾಲಾಜಾಪೇಟೆಯ ವರ್ತಕರಿಗೆ ಹೋಗುತ್ತಿತ್ತು. ಸುತ್ತಲಿನ ತೋಟಗಳ ಅಡಿಕೆ–ಕೊಬ್ಬರಿಯೂ ಅದಕ್ಕೆ ಸೇರುತ್ತಿತ್ತು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ಅಂದರೆ 1800ರಲ್ಲಿ, ಮದ್ರಾಸಿನಿಂದ ಹೊರಟು ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಗುಬ್ಬಿಯಲ್ಲಿ ತಂಗಿ, ಅಲ್ಲಿನ ವರ್ತಕರನ್ನು ವಿಚಾರಿಸಿ ಬರೆದುಕೊಂಡ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ಈ ಊರು ವ್ಯಾಪಾರದ ಊರಾಗಿಯೇ ಕಾಣಿಸುತ್ತದೆ.

ಹೇರು ಹೊತ್ತು ಬಂದ ಎತ್ತಿಗೆ ಹುಲ್ಲು ಬೇಕು, ಹೊಡೆದು ತಂದವನಿಗೆ ಮುದ್ದೆ ಬೇಕು. ದೂರದ ಸರಕಿನ ಸುತ್ತ ಹತ್ತಿರದ ಸಂತೆ ಬೆಳೆಯುವುದು ಹೀಗೆ. ರಾಗಿ, ಹುರುಳಿ, ಅವರೆ, ಬೆಲ್ಲ, ಹುಣಸೆಹಣ್ಣು, ಒಣಮೆಣಸಿನಕಾಯಿ ಎಲ್ಲವೂ ಅಡಿಕೆಯ ನೆರಳಿನಲ್ಲಿ ಕೂತ ಸರಕುಗಳು. ಗುಬ್ಬಿಯ ಚನ್ನಬಸವೇಶ್ವರ ಸ್ವಾಮಿಯ ಜಾತ್ರೆ ಬಂದಾಗ ಈ ನೆರಳು ಇನ್ನಷ್ಟು ಅಗಲವಾಗುತ್ತಿತ್ತು.

ಅಷ್ಟರಲ್ಲಿ ಬರ ಬಂತು. 1876ರಿಂದ 1878ರವರೆಗಿನ ಧಾತು–ಈಶ್ವರ ಸಂವತ್ಸರಗಳ ಕ್ಷಾಮ ಮೈಸೂರು ಸಂಸ್ಥಾನದಲ್ಲಿ ಲಕ್ಷಗಟ್ಟಲೆ ಜನರನ್ನು ಕೊಂಡುಹೋಯಿತು. ಒಂದು ಕಡೆ ಧಾನ್ಯವಿದ್ದರೂ ಇನ್ನೊಂದು ಕಡೆಗೆ ಸಾಗಿಸಲಾಗದೆ ಜನ ಸತ್ತರೆಂಬುದು ಆಳುವವರಿಗೆ ಅರ್ಥವಾದ ಮೇಲೆ ರೈಲು ಹಾದಿಗೆ ಚುರುಕು ಬಂತು. ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲಿ ಮೀಟರ್ ಗೇಜ್ ರೈಲು ಬಂತು. ಹಾದಿ ಗುಬ್ಬಿ, ತಿಪಟೂರು ದಾಟಿ 1889ರ ಹೊತ್ತಿಗೆ ಹರಿಹರ ಮುಟ್ಟಿತು. ಹೇರಿನ ಎತ್ತುಗಳಿಗೆ ಬಿಡುವಾಯಿತು. ಜೊತೆಗೇ, ಗುಬ್ಬಿಯಲ್ಲಿ ಇಳಿದು ವಿಶ್ರಮಿಸಲೇಬೇಕಾಗಿದ್ದ ಸರಕು ಈಗ ನಿಲ್ಲದೆಯೂ ಹೋಗಬಹುದಾಯಿತು. ಹಾದಿಯಿಂದ ಹುಟ್ಟಿದ ಪೇಟೆಗೆ ಹಾದಿ ಚುರುಕಾದಷ್ಟೂ ಕಷ್ಟ.

ಅದೇ 1884ರಲ್ಲಿ ಗುಬ್ಬಿಯಲ್ಲಿ ಒಂದು ನಾಟಕ ಕಂಪನಿ ಹುಟ್ಟಿತು. ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಅದು ನಾಡೆಲ್ಲ ಸುತ್ತಿತು. ಅಡಿಕೆಯ ಊರು ನಾಟಕದ ಊರಾದದ್ದು ಆಕಸ್ಮಿಕವೇ ಇರಬಹುದು. ಆದರೆ ಊರೂರು ಸುತ್ತಿ, ಬಯಲಿನಲ್ಲಿ ಡೇರೆ ಹಾಕಿ, ಜನ ಕೂಡಿಸಿ, ಕಿತ್ತುಕೊಂಡು ಮುಂದಿನ ಊರಿಗೆ ಹೋಗುವ ಕಸುಬನ್ನು ಸಂತೆ ಕಂಡವರಿಗೆ ಯಾರೂ ಹೊಸದಾಗಿ ಕಲಿಸಬೇಕಿರಲಿಲ್ಲ.

ಗುಬ್ಬಿ ತಾಲ್ಲೂಕು ಈಗಲೂ ಒಂದು ಸರಕಿಗೆ ದೂರದ ವರ್ತಕರನ್ನು ಕರೆಸಿಕೊಳ್ಳುತ್ತದೆ: ಹಲಸು. ಕಾಲ ಬಂತೆಂದರೆ ಚೇಳೂರಿನ ಮಾರುಕಟ್ಟೆಯಲ್ಲಿ ಹಲಸಿನ ರಾಶಿಗಳು ಗುಡ್ಡೆ ಗುಡ್ಡೆಯಾಗಿ ಬೀಳುತ್ತವೆ. ಹೊರ ರಾಜ್ಯದ ಲಾರಿಗಳು ಬಂದು ನಿಲ್ಲುತ್ತವೆ. ಬೇಲಿ ಸಾಲಿನಲ್ಲಿ ತಾನೇ ತಾನಾಗಿ ಎದ್ದು, ಯಾರೂ ನೀರು ಹಾಕದೆ ಬೆಳೆದ ಮರಕ್ಕೆ ಇಷ್ಟು ಮರ್ಯಾದೆ ಸಿಗುವುದು ಇಲ್ಲೇ. ಅದೇ ಚೇಳೂರಿನ ಒಂದು ತೋಟದಲ್ಲಿದ್ದ ತಾಮ್ರಗೆಂಪು ತೊಳೆಯ ಮರವನ್ನು ಹಿರೇಹಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಗುರುತಿಸಿದರು. ಆ ಮನೆಯ ಹಿರಿಯರ ಹೆಸರಿನ ನೆನಪಿಗೆ ತಳಿಗೆ ‘ಸಿದ್ದು’ ಎಂದು ಹೆಸರಾಯಿತು. ಸಂಶೋಧನಾ ಸಂಸ್ಥೆಗೂ ಆ ರೈತ ಕುಟುಂಬಕ್ಕೂ ಸಸಿ ಮಾರಾಟದ ಆದಾಯ ಹಂಚಿಕೊಳ್ಳುವ ಒಪ್ಪಂದವಾಯಿತು. ಮರ ನೆಟ್ಟವರಿಗೂ ಪಾಲು ಸಿಕ್ಕಿದ್ದು ಹಲಸಿನ ಕಥೆಯಲ್ಲಿ ಹೊಸ ಅಧ್ಯಾಯ.

ಕೆರೆ ಕೊಟ್ಟ ಸೊಪ್ಪು

ಕುಣಿಗಲ್ ಎಂದೊಡನೆ ನಾಡಿಗೆ ನೆನಪಾಗುವುದು ಎರಡು: ಜನಪದರು ಹಾಡಿ ಹೊಗಳಿದ ಕೆರೆ, ಟಿಪ್ಪುವಿನ ಕಾಲದಿಂದ ನಡೆದುಬಂದ ಕುದುರೆ ಫಾರಂ. ಸಂತೆಯವರಿಗೆ ಬೇಕಾದದ್ದು ಮೊದಲನೆಯದು. ಗುಬ್ಬಿಯ ಪೇಟೆಯನ್ನು ಹಾದಿ ಬೆಳೆಸಿದರೆ ಕುಣಿಗಲ್ಲಿನ ಪೇಟೆಯನ್ನು ನೀರು ಬೆಳೆಸಿತು. ದೊಡ್ಡಕೆರೆಯ ಅಚ್ಚುಕಟ್ಟು, ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯ, ಆಮೇಲೆ ಬಂದ ಹೇಮಾವತಿ ನಾಲೆಯ ನೀರು ಇವೆಲ್ಲ ಸೇರಿ ಇಲ್ಲಿ ಭತ್ತ, ತೆಂಗು, ಬಾಳೆ, ತರಕಾರಿ. ಮಳೆ ನಂಬಿದ ದಿಣ್ಣೆ ಹೊಲಗಳಲ್ಲಿ ರಾಗಿ, ಸಾಲು ಬಿಟ್ಟು ಸಾಲಿಗೆ ಅವರೆ.

ಮಾಗಿಯ ಚಳಿ ಬಿದ್ದ ಮೇಲೆ ಈ ಕಡೆಯ ಸಂತೆಗೆ ಹೋಗಿ ನೋಡಬೇಕು. ಇಬ್ಬನಿ ಕುಡಿದ ಸೊಗಡು ಅವರೆಕಾಯಿಯ ವಾಸನೆ ಬಸ್ ನಿಲ್ದಾಣಕ್ಕೇ ಬಂದು ಕೈಹಿಡಿದು ಕರೆದೊಯ್ಯುತ್ತದೆ. ಕೊಳ್ಳುವವರು ಕಾಯನ್ನು ಕಣ್ಣಲ್ಲಿ ನೋಡುವುದಿಲ್ಲ. ಬೆರಳಲ್ಲಿ ಒತ್ತಿ, ಮೂಗಿಗೆ ಹಿಡಿದು ನೋಡುತ್ತಾರೆ. ಬೆರಳ ತುದಿಗೆ ಅಂಟು ಹತ್ತಿದರೆ ಸರಿ. ಅಂಟಿಲ್ಲದ ಕಾಯಿಗೆ ‘ಇದು ಊರದ್ದಲ್ಲ ಬಿಡಮ್ಮ’ ಎಂಬ ತೀರ್ಪು. ಪಕ್ಕದಲ್ಲಿ ಬೆರಕೆ ಸೊಪ್ಪಿನವಳು. ಅಣ್ಣೆ, ಹೊನಗೊನ್ನೆ, ಕಿರಕಸಾಲೆ, ಎಳೆ ದಂಟು. ಯಾರೂ ಬಿತ್ತದ್ದು, ಮಳೆ ಬಿದ್ದ ಮೇಲೆ ಬದುವಿನಲ್ಲಿ ತಾವೇ ಹುಟ್ಟಿದ್ದು. ಅದಕ್ಕೆ ಮಂಡಿಯಲ್ಲಿ ಬೆಲೆಯಿಲ್ಲ, ಹರಾಜಿನಲ್ಲಿ ಹೆಸರಿಲ್ಲ, ಸೂಪರ್ ಮಾರ್ಕೆಟ್ಟಿನ ಬಾರ್‌ಕೋಡಿಗೆ ಸಿಗುವುದಿಲ್ಲ. ಸಂತೆ ಇಲ್ಲದಿದ್ದರೆ ಈ ಸೊಪ್ಪಿಗೆ ಕೊಳ್ಳುವವರಿಲ್ಲ. ಅದನ್ನು ಬಿಡಿಸಿ ತರುವ ಮುದುಕಿಯ ಸೆರಗಿಗೆ ವಾರಕ್ಕೆ ನಾಲ್ಕು ಕಾಸೂ ಇಲ್ಲ.

ಕುಣಿಗಲ್ ಬೆಂಗಳೂರು–ಮಂಗಳೂರು ಹೆದ್ದಾರಿಯ ಮೇಲಿದೆ. ರೈಲು ಬಂದದ್ದು ತುಮಕೂರಿಗಿಂತ 133 ವರ್ಷ ತಡವಾಗಿ, 2017ರಲ್ಲಿ, ಬೆಂಗಳೂರು–ಹಾಸನ ಮಾರ್ಗ ಪೂರ್ತಿಯಾದಾಗ. ಅಷ್ಟು ಹೊತ್ತಿಗೆ ಟೆಂಪೊ–ಲಾರಿಗಳೇ ಇಲ್ಲಿನ ತರಕಾರಿಯ ದಿಕ್ಕನ್ನು ಬೆಂಗಳೂರಿಗೆ ತಿರುಗಿಸಿಯಾಗಿತ್ತು. ಒಳ್ಳೆಯ ಮಾಲು ರಾತ್ರಿಯೇ ರಾಜಧಾನಿಗೆ ಹೊರಡುತ್ತದೆ. ಬೆಳಿಗ್ಗೆ ಸಂತೆಗೆ ಬರುವುದು ಉಳಿದದ್ದು. ಈ ದೂರು ಕುಣಿಗಲ್ಲಿನಲ್ಲಿ ಯಾರ ಬಾಯಲ್ಲಾದರೂ ಕೇಳಿಬರುತ್ತದೆ. ಬೆಳೆದವನಿಗೆ ನಾಲ್ಕು ಕಾಸು ಹೆಚ್ಚು ಸಿಗುತ್ತದೆಂಬುದನ್ನೂ ಅದೇ ಬಾಯಿ ಒಪ್ಪುತ್ತದೆ.

ಸೇರು, ಪಾವು, ಕೊಸರು

ಸಂತೆ ನಿಂತಿರುವುದು ಅಳತೆಯ ಮೇಲೆ. ನಮ್ಮ ಅಜ್ಜಿಯರಿಗೆ ಧಾನ್ಯ ಎಂದರೆ ತೂಕವಲ್ಲ, ಅಳತೆ: ನಾಲ್ಕು ಪಾವಿಗೆ ಒಂದು ಸೇರು, ಮೇಲಕ್ಕೆ ಬಳ್ಳ, ಕೊಳಗ; ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಹೂವಿಗೆ ಮೊಳ, ಮಾರು. ಸೊಪ್ಪಿಗೆ ಕಟ್ಟು. ಎಲೆಗೆ ಕವಳಿಗೆ. 1956ರ ತೂಕ ಮತ್ತು ಅಳತೆ ಮಾನಕ ಕಾಯ್ದೆಯ ನಂತರ, 1958ರಿಂದ ಹಂತ ಹಂತವಾಗಿ, ಕಿಲೋಗ್ರಾಂ–ಲೀಟರ್ ಬಂದವು. 1957ರ ಏಪ್ರಿಲ್‌ನಲ್ಲೇ ನಯಾ ಪೈಸೆ ಬಂದಿತ್ತು. ಒಂದೆರಡು ವರ್ಷದಲ್ಲಿ ಕಾಸೂ ಕಲ್ಲೂ ಎರಡೂ ಬದಲಾದಾಗ, ಓದು ಬಾರದ ಸಾವಿರಾರು ಹೆಂಗಸರು ಮನಸ್ಸಿನಲ್ಲೇ ಹಳೆಯದನ್ನು ಹೊಸದಕ್ಕೆ ಹೊಂದಿಸಿಕೊಂಡು ವ್ಯಾಪಾರ ಮಾಡಿದರು. ಅದಕ್ಕೆ ಯಾವ ಸನ್ಮಾನವೂ ನಡೆದ ಹಾಗಿಲ್ಲ. ಕಾನೂನಿನಲ್ಲಿ ಸತ್ತ ಸೇರು–ಪಾವು ಮಾತಿನಲ್ಲಿ ಸಾಯಲಿಲ್ಲ. ಕಡ್ಲೆಪುರಿಯನ್ನು ಈಗಲೂ ಸೇರಿನಲ್ಲೇ ಅಳೆದು ಹಾಕುತ್ತಾರೆ.

ದನದ ವ್ಯಾಪಾರದ ಅಳತೆ ಇನ್ನೂ ಗುಟ್ಟಿನದು. ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯಲ್ಲಿ ನಡೆಯುವ ದನಗಳ ಪರಿಷೆಯಲ್ಲಿ ಇಂದಿಗೂ ಕಾಣಬಹುದು: ಇಬ್ಬರು ಕೈ ಹಿಡಿದು ನಿಂತಿರುತ್ತಾರೆ, ಮೇಲೆ ಟವೆಲ್ಲು. ಮಾತಿಲ್ಲ. ಟವೆಲ್ಲಿನ ಕೆಳಗೆ ಒಬ್ಬ ಇನ್ನೊಬ್ಬನ ಬೆರಳು ಅದುಮುತ್ತಾನೆ. ಎಷ್ಟು ಬೆರಳೋ ಅಷ್ಟು ಸಾವಿರ, ಅಥವಾ ನೂರು. ಮುಖ ಮಾತ್ರ ಮಳೆ ಬರಬಹುದೇ ಎಂದು ಆಕಾಶ ನೋಡುತ್ತಿರುತ್ತದೆ. ಇದರಲ್ಲಿ ಮಾನವೂ ಇದೆ, ಮೋಸವೂ ಇದೆ. ಸುತ್ತ ನಿಂತವರ ಎದುರು ಕಡಿಮೆ ಬೆಲೆಗೆ ಒಪ್ಪಿದ ಅವಮಾನ ರೈತನಿಗೆ ತಪ್ಪುತ್ತದೆ. ನಡುವೆ ನಿಂತ ದಲ್ಲಾಳಿಗೆ ಎರಡು ಕಡೆ ಎರಡು ಬೆಲೆ ಹೇಳುವ ಅವಕಾಶವೂ ಸಿಗುತ್ತದೆ.

ಮಂಡಿಗಳ ಇಂಥ ಗುಟ್ಟಿಗೆ ಕಡಿವಾಣ ಹಾಕಲೆಂದೇ ನಿಯಂತ್ರಿತ ಮಾರುಕಟ್ಟೆಗಳು ಬಂದದ್ದು. ‘ಸೂಟು’ ಎಂದು ತೂಕದಲ್ಲಿ ಹಿಡಿಯುವುದು, ಮಾದರಿ ಎಂದು ಬೊಗಸೆ ಎತ್ತಿಕೊಳ್ಳುವುದು, ಧರ್ಮಕ್ಕೆಂದು ಇನ್ನಷ್ಟು ಮುರಿದುಕೊಳ್ಳುವುದು, ಹೀಗೆ ರೈತನ ಚೀಲ ಮಂಡಿಯ ಹೊಸ್ತಿಲು ದಾಟುವುದರೊಳಗೆ ಹಗುರಾಗುತ್ತಿತ್ತು. ಮೈಸೂರು ಸಂಸ್ಥಾನ 1939ರಲ್ಲೇ ಕಾಯ್ದೆ ಮಾಡಿತ್ತು. ಏಕೀಕರಣದ ನಂತರ ರಾಜ್ಯಕ್ಕೆಲ್ಲ ಒಂದೇ ಕಾಯ್ದೆ 1966ರಲ್ಲಿ ಬಂತು. ಬಹಿರಂಗ ಹರಾಜು, ಪರವಾನಗಿ ಪಡೆದ ವರ್ತಕ, ಎಲ್ಲರ ಎದುರು ತೂಕ, ಬರೆದ ಚೀಟಿ: ಈ ನಾಲ್ಕು ಅದರ ತಿರುಳು. ತುಮಕೂರಿನ ಬಟವಾಡಿಯ ಎಪಿಎಂಸಿ ಪ್ರಾಂಗಣಕ್ಕೆ ಬೇಸಿಗೆಯ ಮೊದಲಲ್ಲಿ ಹೋದರೆ ಹುಣಸೆಹಣ್ಣಿನ ಹುಳಿ ಗಾಳಿಯಲ್ಲೇ ನಾಲಿಗೆಗೆ ತಾಗುತ್ತದೆ. ಪಾವಗಡ, ಶಿರಾ, ಮಧುಗಿರಿ, ಕೊರಟಗೆರೆ ಕಡೆಯ ಬದುಗಳ ಹಣ್ಣು ಇಲ್ಲಿ ಬೆಲೆ ಕಾಣುತ್ತದೆ. ಹೊರಗಿನ ವರ್ತಕರೂ ಬರುತ್ತಾರೆ. 2014ರ ನಂತರ ಕರ್ನಾಟಕದ ಮಾರುಕಟ್ಟೆಗಳಿಗೆ ಆನ್‌ಲೈನ್ ಹರಾಜು ಬಂದ ಮೇಲೆ ಟವೆಲ್ಲಿನ ಕೆಳಗಿನ ಬೆರಳು ಕಂಪ್ಯೂಟರಿನ ಕೀಲಿ ಒತ್ತತೊಡಗಿತು.

ಕಾಯ್ದೆ ಹಿಡಿಯದ ಒಂದು ಅಳತೆ ಉಳಿದಿದೆ. ಅದು ಕೊಸರು. ತೂಗಿಯಾದ ಮೇಲೆ, ದುಡ್ಡು ಕೊಟ್ಟಾದ ಮೇಲೆ, ‘ಕೊಸರು ಹಾಕಮ್ಮ’ ಎಂದು ಚೀಲದ ಬಾಯಿ ಅಗಲಿಸುತ್ತೇವಲ್ಲ, ಅದು. ಮಾರುವವಳು ‘ಗಿಟ್ಟಲ್ಲ ಕಣಪ್ಪ’ ಎನ್ನುತ್ತಲೇ ಎರಡು ಹಸಿಮೆಣಸಿನಕಾಯಿ, ಒಂದೆಸಳು ಕರಿಬೇವು, ನಾಲ್ಕು ಬೀನ್ಸು ಎಸೆಯುತ್ತಾಳೆ. ಎಲೆಕ್ಟ್ರಾನಿಕ್ ತಕ್ಕಡಿ ಗ್ರಾಮಿನ ಲೆಕ್ಕ ಕೊಡುತ್ತದೆ. ಪಕ್ಕದ ಪುಟ್ಟ ಡಬ್ಬಿ ಇಷ್ಟು ರೂಪಾಯಿ ಬಂತೆಂದು ಕೂಗಿ ಹೇಳುತ್ತದೆ. ಆಮೇಲೂ ಅವಳ ಕೈ ಬುಟ್ಟಿಗೆ ಹೋಗಿ ಬರುತ್ತದೆ. ಆ ಕೈ ಬುಟ್ಟಿಗೆ ಹೋಗದ ದಿನ ಗಿರಾಕಿ ಮುಂದಿನ ವಾರ ಪಕ್ಕದ ಸಾಲಿಗೆ ಹೋಗುತ್ತಾನೆ ಎಂಬುದು ಇಬ್ಬರಿಗೂ ಗೊತ್ತು.

ಪೇಟೆಯ ಒಳಗಿಂದ ಅಂತರಸನಹಳ್ಳಿಗೆ

ತುಮಕೂರಿನ ಹಳೆಯ ಊರು ತನ್ನ ಹೆಸರುಗಳಲ್ಲೇ ವ್ಯಾಪಾರವನ್ನು ಬರೆದಿಟ್ಟುಕೊಂಡಿದೆ: ಚಿಕ್ಕಪೇಟೆ, ಹೊರಪೇಟೆ, ಮಂಡಿಪೇಟೆ. ಧಾನ್ಯ–ಬೇಳೆಯ ಸಗಟು ಮಂಡಿಪೇಟೆಯಲ್ಲಿ. ತರಕಾರಿ–ಹಣ್ಣಿಗೆ ಜೆ.ಸಿ. ರಸ್ತೆಯ ಸಿದ್ಧಿವಿನಾಯಕ ಮಾರುಕಟ್ಟೆ. ಬಸ್ ನಿಲ್ದಾಣ, ಸರ್ಕಾರಿ ಕಚೇರಿ, ಆಸ್ಪತ್ರೆ, ಕೋರ್ಟು ಎಲ್ಲಕ್ಕೂ ಕಾಲ್ನಡಿಗೆಯ ದೂರ. ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದವಳು ಸೊಪ್ಪು ಮಾರಿ, ಮಗುವಿಗೆ ಔಷಧಿ ಕೊಂಡು, ಮಧ್ಯಾಹ್ನದ ಬಸ್ಸಿಗೆ ಹಿಂತಿರುಗಬಹುದಾಗಿತ್ತು. ಮಾರುಕಟ್ಟೆ ಊರಿನ ನಡುವೆ ಇರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಊರು ಬೆಳೆಯಿತು. 2011ರ ಜನಗಣತಿಯ ಹೊತ್ತಿಗೆ ಮೂರು ಲಕ್ಷ ದಾಟಿತು. ಲಾರಿಗಳು ದೊಡ್ಡವಾದವು, ರಸ್ತೆಗಳು ಇದ್ದಷ್ಟೇ ಇದ್ದವು. ಸಗಟು ತರಕಾರಿ, ಹಣ್ಣು, ಹೂವಿನ ವಹಿವಾಟು ಶಿರಾ ರಸ್ತೆಯ ಕಡೆಯ ಅಂತರಸನಹಳ್ಳಿಗೆ ಹೋಯಿತು. ಹೆದ್ದಾರಿಗೆ ಹತ್ತಿರ, ಲಾರಿ ತಿರುಗಲು ಜಾಗ: ಲೆಕ್ಕ ಸರಿಯಾಗಿಯೇ ಇತ್ತು. ಖಾಲಿಯಾದ ಸಿದ್ಧಿವಿನಾಯಕ ಮಾರುಕಟ್ಟೆಯ ಜಾಗದಲ್ಲಿ ಏನು ಬರಬೇಕು ಎಂಬ ವಾದ ಇತ್ತೀಚಿನ ವರ್ಷಗಳಲ್ಲಿ ಹಲವು ಸಲ ಬೀದಿಗೂ ಬಂತು. ಸ್ಮಾರ್ಟ್ ಸಿಟಿ ಯೋಜನೆಗೆ 2016ರಲ್ಲಿ ಆಯ್ಕೆಯಾದ ನಗರದಲ್ಲಿ ಹೃದಯಭಾಗದ ಒಂದೊಂದು ಅಡಿಗೂ ಹತ್ತು ಕಣ್ಣು.

ಅಂತರಸನಹಳ್ಳಿಯನ್ನು ನೋಡಬೇಕಾದರೆ ನಾಲ್ಕು ಗಂಟೆಗೆ ಏಳಬೇಕು. ಆಗ ಅಲ್ಲಿ ನಡು ಹಗಲು. ಟೊಮೆಟೊ ಕ್ರೇಟುಗಳು ಕೈಯಿಂದ ಕೈಗೆ ಹಾರುತ್ತವೆ. ಹಮಾಲಿಯ ತಲೆಯ ಮೇಲೆ ಕೋಸಿನ ಮೂಟೆ, ಬಾಯಲ್ಲಿ ‘ದಾರಿ, ದಾರಿ’. ಕೂಗುವವನ ಸುತ್ತ ಹತ್ತಾರು ಜನ ಗುಂಪುಗಟ್ಟಿ, ಒಂದು ರಾಶಿ ಮುಗಿದೊಡನೆ ಜೇನುಹುಳದಂತೆ ಮುಂದಿನ ರಾಶಿಗೆ ಸರಿಯುತ್ತಾರೆ. ಸೇವಂತಿಗೆ, ಚೆಂಡುಹೂವಿನ ಕಡೆ ಬೆಳಕು ಹಳದಿಯಾಗಿರುತ್ತದೆ. ಏಳು ಗಂಟೆಗೆ ತಳ್ಳುಗಾಡಿಯವರು, ಹೋಟೆಲಿನವರು, ಲಗೇಜ್ ಆಟೊದವರು ಹೊರಟುಬಿಟ್ಟಿರುತ್ತಾರೆ. ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿಯ ಹಬೆ ಏಳುವ ಹೊತ್ತಿಗೆ ಅದರ ಚಟ್ನಿಯ ಕೊತ್ತಂಬರಿ ಆಗಲೇ ಒಂದು ಹರಾಜು ಮುಗಿಸಿ ಬಂದಿರುತ್ತದೆ.

ಸಗಟು ಹೊರಗೆ ಹೋದಾಗ ಚಿಲ್ಲರೆಯೂ ಹಿಂದೆಯೇ ಹೋಗುತ್ತದೆ ಎಂದು ನಕಾಶೆ ಬರೆಯುವವರು ಅಂದುಕೊಳ್ಳುತ್ತಾರೆ. ಅದು ಹೋಗುವುದಿಲ್ಲ. ನಾಲ್ಕು ಕಟ್ಟು ಸೊಪ್ಪಿಗೆ ಆಟೊ ಮಾಡಿಕೊಂಡು ಊರಾಚೆ ಹೋಗುವವರು ಯಾರು? ಹಾಗಾಗಿ ಚಿಲ್ಲರೆ ಬೀದಿಗೆ ಬಂದು, ಸರ್ಕಲ್ಲಿನ ಅಂಚಿಗೆ, ಶಾಲೆಯ ಕಾಂಪೌಂಡಿನ ನೆರಳಿಗೆ, ಬ್ಯಾಂಕಿನ ಮೆಟ್ಟಿಲ ಪಕ್ಕಕ್ಕೆ ಕೂತಿತು. ಮಾರುಕಟ್ಟೆಯೊಳಗೆ ‘ವ್ಯಾಪಾರಿ’ ಆಗಿದ್ದವಳೇ ಅಲ್ಲಿ ‘ಒತ್ತುವರಿ’ ಆದಳು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಸಮೀಕ್ಷೆ, ಗುರುತಿನ ಚೀಟಿ, ವ್ಯಾಪಾರ ವಲಯ ಎಂದೆಲ್ಲ ಹೇಳಿ ಅವಳಿಗೆ ಒಂದು ಹೆಸರನ್ನೇನೋ ಹಿಂದಿರುಗಿಸಿದೆ. ಕೂರುವ ನಾಲ್ಕಡಿ ನೆಲದ ವಿಚಾರ ಮಾತ್ರ ಇವತ್ತಿಗೂ ದಿನದ ವಾದ.

ಬಯಲು ಬಯಲಾಗಿಯೇ ಉಳಿದ ವಾರಗಳು

2020ರ ಮಾರ್ಚ್‌ನಲ್ಲಿ, ಕೊರೊನಾ ಕಾಲದಲ್ಲಿ, ರಾಜ್ಯದ ಸಂತೆ–ಜಾತ್ರೆಗಳನ್ನು ಸರ್ಕಾರ ನಿಲ್ಲಿಸಿತು. ನಮ್ಮ ಕಾಲದವರು ಸಂತೆ ಕೂಡದ ವಾರವನ್ನು ಕಂಡದ್ದು ಆಗಲೇ. ಕಲ್ಲಂಗಡಿ, ಟೊಮೆಟೊ, ಹೂವು ಹೊಲದಲ್ಲೇ ಕೊಳೆತವು. ಪೇಟೆಯ ಮನೆಗಳಲ್ಲಿ ತರಕಾರಿಗೆ ಎರಡರಷ್ಟು ಬೆಲೆ. ಬೆಳೆದವನಿಗೂ ತಿನ್ನುವವನಿಗೂ ನಡುವೆ ಇದ್ದದ್ದು ಬರೀ ಒಂದು ಬಯಲು. ಅದು ಮುಚ್ಚಿದಾಗ ಇಬ್ಬರೂ ಕಂಗಾಲಾದರು. ಮೊದಲು ದಾರಿ ಕಂಡುಕೊಂಡವರು ಸಣ್ಣ ವ್ಯಾಪಾರಿಗಳೇ. ತಳ್ಳುಗಾಡಿ, ಲಗೇಜ್ ಆಟೊ, ಸ್ಕೂಟರಿನ ಹಿಂದೆ ಕಟ್ಟಿದ ಬುಟ್ಟಿ ಹತ್ತಿ ಸಂತೆ ಬೀದಿ ಬೀದಿಗೆ ಬಂತು. ಅದೇ ಜೂನ್‌ನಲ್ಲಿ ಬೀದಿ ವ್ಯಾಪಾರಿಗಳಿಗೆ ಮೊದಲ ಕಂತಿನಲ್ಲಿ 10,000 ರೂಪಾಯಿವರೆಗೆ ಸಾಲ ಕೊಡುವ ಕೇಂದ್ರದ ಯೋಜನೆ ಬಂತು. ಕ್ಯೂಆರ್ ಕೋಡಿನ ಹಲಗೆ ಸೊಪ್ಪಿನ ಬುಟ್ಟಿಗೆ ಒರಗಿ ನಿಂತದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ.

ಬೀಗ ತೆಗೆದ ಮೇಲೆ ಸಂತೆ ಮತ್ತೆ ಕೂಡಿತು. ಉದ್ಘಾಟನೆ ಇರಲಿಲ್ಲ, ರಿಬ್ಬನ್ ಇರಲಿಲ್ಲ. ಅಷ್ಟು ತಿಂಗಳು ಖಾಲಿ ಬಿದ್ದಿದ್ದ ಬಯಲಿಗೆ ಬಂದವರು ಯಾರನ್ನೂ ಕೇಳದೆ ತಂತಮ್ಮ ಜಾಗಕ್ಕೆ ಹೋಗಿ ಗೋಣಿಚೀಲ ಹಾಸಿದರು.

ಜಾಗ

ಆ ‘ತಂತಮ್ಮ ಜಾಗ’ ಎಂಬ ಮಾತಿನಲ್ಲೇ ಈ ಸಂಸ್ಥೆಯ ಗುಟ್ಟಿದೆ ಎಂದು ನನಗೆ ತೋರುತ್ತದೆ. ಸಂತೆಯ ನೆಲದ ಮೇಲೆ ಗೆರೆ ಎಳೆದಿರುವುದಿಲ್ಲ, ನಂಬರ್ ಬರೆದಿರುವುದಿಲ್ಲ. ಖಾತೆಯಿಲ್ಲ, ಪಹಣಿಯಿಲ್ಲ. ಹಾಗಿದ್ದೂ ಯಾರು ಎಲ್ಲಿ ಕೂರಬೇಕು ಎಂಬುದು ಅಲ್ಲಿನ ಎಲ್ಲರಿಗೂ ಗೊತ್ತು. ‘ಇದು ನಮ್ಮತ್ತೆ ಕೂರ್ತಿದ್ದ ಜಾಗ’ ಎಂದರೆ ಅದೇ ಹಕ್ಕುಪತ್ರ. ಹೆರಿಗೆಗೆಂದು ಎರಡು ತಿಂಗಳು ಬಾರದವಳ ಜಾಗವನ್ನು ಅಕ್ಕಪಕ್ಕದವರು ತುಸು ತುಸು ಸರಿದು ತುಂಬಿಕೊಳ್ಳುತ್ತಾರೆ. ಬಂದ ದಿನ ಅಷ್ಟೇ ಸರಿದು ಬಿಟ್ಟುಕೊಡುತ್ತಾರೆ. ಜಗಳವಿಲ್ಲವೆಂದಲ್ಲ. ಸಂತೆಯ ಜಗಳ ಕೇಳಿದವರಿಗೆ ಬೇರೆ ನಾಟಕ ಬೇಕಿಲ್ಲ. ಆದರೆ ಆ ಜಗಳ ಸಂತೆಯೊಳಗೇ ಹುಟ್ಟಿ ಸಂತೆ ಹರಿಯುವುದರೊಳಗೆ ತೀರುತ್ತದೆ. ಮುಂದಿನ ವಾರ ಇಬ್ಬರೂ ಒಂದೇ ಕೊಡೆಯ ನೆರಳಿನಲ್ಲಿ ಎಲೆ–ಅಡಿಕೆ ಹಂಚಿಕೊಳ್ಳುತ್ತಿರುತ್ತಾರೆ.

ಹಾಗಾಗಿ ಸಂತೆಗೆ ಏನಾದರೂ ಮಾಡಬೇಕೆಂದು ಹೊರಡುವವರಲ್ಲಿ ನನ್ನದೊಂದು ವಿನಂತಿ. ಕಟ್ಟಡಕ್ಕಿಂತ ಮೊದಲು ಕುಡಿಯುವ ನೀರು, ಹೆಂಗಸರಿಗೆ ಶೌಚಾಲಯ, ನಾಲ್ಕು ಹೊಂಗೆಮರ, ಮಳೆಗೆ ಮಣ್ಣು ಕೆಸರಾಗದಂತೆ ಜಲ್ಲಿ, ಬಸ್ಸು ಹತ್ತಿರ ನಿಲ್ಲುವ ವ್ಯವಸ್ಥೆ ಇಷ್ಟಾಗಲಿ. ಎತ್ತರದ ಕಟ್ಟೆ ಕಟ್ಟಿ, ಟೈಲ್ಸ್ ಹಾಕಿ, ನಂಬರ್ ಕೊಟ್ಟು ಹರಾಜು ಹಾಕಿದರೆ ಜಾಗ ದುಡ್ಡಿದ್ದವರಿಗೆ ಹೋಗುತ್ತದೆ. ಬೆರಕೆ ಸೊಪ್ಪಿನವಳು ಮತ್ತೆ ರಸ್ತೆಯ ಅಂಚಿಗೆ ಬರುತ್ತಾಳೆ. ಯಾವ ಸಾಲು, ಯಾರ ಪಕ್ಕ ಯಾರು ಎಂಬುದನ್ನು ಕೂರುವವರನ್ನೇ ಕೇಳಿ ಬರೆದುಕೊಂಡು ಆಮೇಲೆ ನಕಾಶೆ ಹಾಕಿದರೆ ಅರ್ಧ ತಪ್ಪು ಅಲ್ಲೇ ತಪ್ಪುತ್ತದೆ.

ಕಳೆದ ಚಳಿಗಾಲದಲ್ಲಿ ಒಂದು ಸಂತೆಗೆ ಬೆಳಕು ಹರಿಯುವ ಮೊದಲೇ ಹೋಗಿದ್ದೆ. ಬಯಲಿನಲ್ಲಿ ಇನ್ನೂ ಯಾರೂ ಇರಲಿಲ್ಲ. ಕಾಲಿಗೆ ಏನೋ ತಾಗಿತೆಂದು ಬಗ್ಗಿ ನೋಡಿದರೆ ತೆಂಗಿನಕಾಯಿ ಗಾತ್ರದ ಒಂದು ಕಲ್ಲು, ಅದರ ಕೆಳಗೆ ಮಡಿಸಿಟ್ಟ ಹಳೇ ಗೋಣಿಚೀಲ. ನಾಲ್ಕು ಮಾರು ಆಚೆ ಇನ್ನೊಂದು ಕಲ್ಲು, ಇನ್ನೊಂದು ಚೀಲ. ಹಿಂದಿನ ವಾರ ಹೋಗುವಾಗ ಇಟ್ಟುಹೋದವು. ಟೀ ಅಂಗಡಿಯವನನ್ನು ಕೇಳಿದೆ, ಯಾರೂ ತೆಗೆದು ಬಿಸಾಕುವುದಿಲ್ಲವೇ ಎಂದು. ಅವನು ಒಲೆಯಿಂದ ತಲೆ ಎತ್ತದೆಯೇ ಹೇಳಿದ: ‘ಅದ್ಯಾಕೆ ತೆಗೀತಾರೆ ಸಾರ್, ಅವಮ್ಮ ಬರ್ತಾಳಲ್ಲ.’